ತುಪ್ಪದ ಬೆರಳಿನ ಗುರುತು

ತಾರ್ನಾಕದ ತ್ರಿಂಬಕರಾಯರು ನಲವತ್ತು ವರ್ಷಗಳಿಂದ ಕನ್ನಡ ಮಕ್ಕಳಿಗಾಗಿ ಕಥೆ ಬರೆದು, ಚಿತ್ರಗಳನ್ನೂ ತಾವೇ ಬಿಡಿಸುತ್ತ ಬಂದವರು. ಹೈದರಾಬಾದಿನ ಯಾವ ಕನ್ನಡಿಗರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಸರಿ, ಬೆಳ್ಳಿ ಬಟ್ಟಲು ತಂದವರ ನಡುವೆ ಇವರೊಬ್ಬರು ಪುಸ್ತಕ ಹಿಡಿದು ಹಾಜರು. ಮನೆಯವರು ಪುಸ್ತಕಕ್ಕೆ ಕೈಮುಗಿದು, ಬಟ್ಟಲನ್ನು ತಿರುಗಿಸಿ ನೋಡುತ್ತಾರೆ. ಶಾಲು, ಹಾರಗಳ ಮೇಲೆ ರಾಯರಿಗೆ ನಂಬಿಕೆಯಿಲ್ಲ, ಅವನ್ನು ದೊಡ್ಡವರು ಕೊಡುತ್ತಾರೆ. ಅವರಿಗೆ ಬೇಕಾದದ್ದು ಮಕ್ಕಳ ಕೈಯ ಕೊಳೆ. ಯಾರ ಮನೆಗೆ ಹೋದರೂ ಚಹಾಕ್ಕೂ ಮೊದಲು, "ನನ್ನ ಪುಸ್ತಕ ತರ್ರಿ, ಎಷ್ಟು ಹೊಲಸಾಗೇತಿ ನೋಡೂಣು" ಎನ್ನುತ್ತಾರೆ. "ಛೇ, ಭಾಳ ಜ್ವಾಕಿಲೆ ಇಟ್ಟೀವ್ರಿ, ಒಂದು ಹಾಳಿ ಸೈತ ಮಡಚಿಲ್ಲ" ಎಂದು ಮನೆಯಾಕೆ ಹೆಮ್ಮೆಯಿಂದ ಕಪಾಟು ತೆಗೆದರೆ, ರಾಯರ ಬಾಯಲ್ಲಿ ಚಹಾ ಕಹಿಯಾಗುತ್ತದೆ. "ಹರದಿದ್ರ ಹೊಸಾದು ಕೊಡ್ತಿದ್ನಲ್ರೀ ತಾಯಿ!" ಮೊಮ್ಮಗಳು ಪಿಂಕಿಗೆ ಈಗ ಹನ್ನೊಂದು ವರ್ಷ. ತೆಲುಗು, ಹಿಂದಿ, ಇಂಗ್ಲಿಷು ಮೂರನ್ನೂ ಪಟಪಟ ಓದುತ್ತಾಳೆ. ಅಜ್ಜ ಅವಳಿಗೇ ಅರ್ಪಿಸಿದ ಪುಸ್ತಕವನ್ನು ಮಾತ್ರ "ಥ್ಯಾಂಕ್ಯೂ ಅಜ್ಜಾ" ಎಂದು ಇಸಿದುಕೊಂಡು ಒಳಗಿಟ್ಟವಳು ಮತ್ತೆ ತೆಗೆದಿಲ್ಲ, ಅದರ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಮೊನ್ನೆ ಅವಳು ಶಾಲೆಗೆ ಹೋದ ಮೇಲೆ ರಾಯರು ಆ ಹಾಳೆಗಳನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದರು. ಡಬ್ಬಿಯಿಂದ ಬೇಸನ್ ಉಂಡಿ ತಂದು, ಅದರ ತುಪ್ಪ ಸವರಿಕೊಂಡು, ಆನೆಯ ಚಿತ್ರದ ಮೇಲೆ ಒಂದು ಗುರುತು ಒತ್ತಿದರು. ನೋಡಿದವರಿಗೆ ಮಗುವಿನದೇ ಅನ್ನಿಸಲಿ ಎಂದು ಕಿರುಬೆರಳನ್ನೇ ಒತ್ತಿದರು.