ಬದಲಿ ಎಂಜಿನ್

ಹಿನ್ನೀರಿನ ಆಚೆ ದಂಡೆಯಲ್ಲಿ ನನ್ನ ಅಕ್ಕನ ಮನೆ, ಈಚೆ ಬೀಳಗಿ ಕಡೆ ನಮ್ಮದು. ಎರಡೂ ದಂಡೆಗಳ ನಡುವೆ ನನ್ನ ಗಂಡ ದೋಣಿ ನಡೆಸುತ್ತಾರೆ. ವಾರಕ್ಕೊಮ್ಮೆ ನಾನೂ ಹತ್ತಿ ಅಕ್ಕನಲ್ಲಿಗೆ ಹೋಗಿ, ಮಧ್ಯಾಹ್ನದ ರೊಟ್ಟಿ ತಿಂದು ಬರುತ್ತಿದ್ದೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದೋಣಿಯ ಎಂಜಿನ್ ಜಾಮ್ ಆಗಿ ನಿಂತಿತು. ಸೇತುವೆ ಸುತ್ತಿ ಬಸ್ಸಿನಲ್ಲಿ ಹೋದರೆ ಅಂದೇ ತಿರುಗಿ ಬರಲಾಗದು. ಮನೆಯಲ್ಲಿ ಹಿಂಡುವ ಎಮ್ಮೆ ಎರಡು. ಅಕ್ಕನಿಗೂ ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರುವಂತಿರಲಿಲ್ಲ.

ಫೋನಿನಲ್ಲಿ ದಿನವೂ ಮಾತಾಡುತ್ತಿದ್ದೆವು. ಮಾತು ಮುಗಿದರೂ ಇಬ್ಬರೂ ಫೋನ್ ಇಡುತ್ತಿರಲಿಲ್ಲ. ಆಕೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಾ ಕೂತಿರುತ್ತಿದ್ದೆ.

ಮೂರು ತಿಂಗಳಾದ ಮೇಲೆ ಜಮಖಂಡಿಯ ಒಂದು ಗ್ಯಾರೇಜಿನಲ್ಲಿ ಬದಲಿ ಎಂಜಿನ್ ಸಿಗುತ್ತದೆಂದು ತಿಳಿಯಿತು. ನಮ್ಮದನ್ನು ಟೆಂಪೋದಲ್ಲಿ ಹೇರಿಕೊಂಡು ಇಬ್ಬರೂ ಹೋದೆವು. ವಯಸ್ಸಾದ ಮಿಸ್ತ್ರಿ ಹಸಿರು ಬಣ್ಣ ಬಳಿದ ಎಂಜಿನ್ ತೋರಿಸಿದರು. ಅದು ಯಾರದೋ ಹಳೆಯದಂತೆ. ಪೂರಾ ಬಿಚ್ಚಿ, ಸವೆದದ್ದನ್ನೆಲ್ಲ ತೆಗೆದು, ಹೊಸ ಭಾಗ ಹಾಕಿ ಮತ್ತೆ ಕಟ್ಟಿದ್ದಂತೆ. ನಮ್ಮದನ್ನು ಅಲ್ಲೇ ಬಿಟ್ಟು ಹೋಗಬೇಕು, ಅದನ್ನೂ ಹೀಗೇ ಕಟ್ಟಿ ಮತ್ತೊಬ್ಬರಿಗೆ ಕೊಡುತ್ತೇವೆ ಎಂದರು.

ಗಂಡ ನಮ್ಮ ಹಳೆಯ ಎಂಜಿನ್ನಿನ ಮೇಲೆ ಕೈಯಿಟ್ಟರು. ನಾನು ಮದುವೆಯಾಗಿ ಬಂದ ವರ್ಷ ಕೊಂಡ ಎಂಜಿನ್ ಅದು.

"ನಮ್ದು ಯಾವ ಊರಿಗೆ ಹೋಗತೈತಿ ಅಂತ ಹೇಳ್ತೀರೇನ್ರಿ?" ಎಂದು ಗಂಡ ಕೇಳಿದರು.

"ಅದನ್ನ ಹೆಂಗ ಹೇಳೂದ್ರಿ," ಎಂದರು ಮಿಸ್ತ್ರಿ. "ಇದು ಯಾರದಿತ್ತು ಅಂತ ನೀವೂ ಕೇಳಲಿಲ್ಲಲ್ಲ."

ಗಂಡ ಹೆಗಲ ಮೇಲಿನ ಟವೆಲ್ಲಿನಿಂದ ಹಳೆಯ ಎಂಜಿನ್ನಿನ ಎಣ್ಣೆ ಒರೆಸಿದರು. ಒರೆಸಿದ ಜಾಗವನ್ನೇ ಮತ್ತೊಮ್ಮೆ ಒರೆಸಿದರು. ಆಮೇಲೆ ಹಸಿರು ಎಂಜಿನ್ ಟೆಂಪೋದಲ್ಲಿ ಹೇರಿಕೊಂಡು ಹೊರಟೆವು.

ಅದನ್ನು ದೋಣಿಗೆ ಕೂರಿಸಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಮಧ್ಯಾಹ್ನ ಹೊರಟೆವು. ಅಕ್ಕ ಆಚೆ ದಂಡೆಯಲ್ಲೇ ನಿಂತಿದ್ದಳು. ಸೊರಗಿದ್ದಳು, ಮುಂದಲೆಯೆಲ್ಲ ಬೆಳ್ಳಗಾಗಿತ್ತು. ಫೋನಿನಲ್ಲಿ ಅದೊಂದೂ ತಿಳಿದಿರಲಿಲ್ಲ. ನಾನು ಇಳಿಯುವ ಮೊದಲೇ ಆಕೆ ಸೀರೆ ಎತ್ತಿ ಹಿಡಿದು ದೋಣಿ ಹತ್ತಿದಳು. ಅತ್ತೆಯ ಬಳಿ ನೆರೆಮನೆಯಾಕೆಯನ್ನು ಕೂರಿಸಿ ಬಂದಿದ್ದಳಂತೆ.

"ಒಂದ್ ತಾಸು ಐತಿ ನನಗ," ಎಂದಳು. "ನಿಮ್ಮ ದಂಡಿಗೆ ಒಮ್ಮೆ ಮುಟ್ಟಿಸಿ ತಿರುಗಿ ತಂದ್ಬಿಡ್ರಿ."

ಎಂಜಿನ್ನಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಆಕೆಯ ಕೈ ನನ್ನ ತೊಡೆಯ ಮೇಲಿತ್ತು. ಹೇಳಬೇಕೆಂದು ಮೂರು ತಿಂಗಳಿಂದ ಕೂಡಿಟ್ಟಿದ್ದೆಲ್ಲ ಹಾಗೇ ಉಳಿಯಿತು. ಈಚೆ ದಂಡೆಯಲ್ಲಿ ನಾನಿಳಿದೆ, ಆಕೆ ಇಳಿಯಲಿಲ್ಲ. ಮನೆ ತನಕ ಬಂದರೆ ತಿರುಗಿ ಹೋಗಲು ಮನಸ್ಸಾಗದು ಎಂದಳು.

ದೋಣಿ ತಿರುಗಿತು. ಅಕ್ಕ ನನಗೆ ಬೆನ್ನು ಹಾಕಿಯೇ ಕೂತಿದ್ದಳು. ಆಕೆಯ ಸೀರೆಯ ಬಣ್ಣ ಕಾಣದಾಗುವವರೆಗೂ ನಿಂತಿದ್ದು ಮನೆಗೆ ಬಂದೆ. ಆ ದಿನ ಯಾವ ಕೆಲಸವೂ ಕೈಗೆ ಹತ್ತಲಿಲ್ಲ.