ಶಾಂತವ್ವನ ಪಾಲಿನ ನೂಲು

ಇದು ನನಗೇ ಆದದ್ದು. ನಗುವವರು ಈಗಲೇ ನಕ್ಕುಬಿಡಿ. ಆ ದಿನದ ತನಕ ಇಂಥ ಮಾತಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನೇ.

ಧಾರವಾಡದ ಒಂದು ಸಣ್ಣ ಸಂಗ್ರಹಾಲಯದಲ್ಲಿ ನನಗೆ ನೋಂದಣಿ ಕೆಲಸ. ಯಾವ ವಸ್ತು ಯಾರು ಮಾಡಿದ್ದು ಎಂದು ದಪ್ಪ ಪುಸ್ತಕದಲ್ಲಿ ಬರೆಯುವುದು. ಅಲ್ಲಿದ್ದ ಹೆಸರೆಲ್ಲ ಗಂಡಸರದೇ. ಹೆಂಗಸರ ಕೆಲಸದ ಮುಂದೆ ‘ಕಲಾವಿದರು ತಿಳಿದಿಲ್ಲ’ ಎಂದು ಗೀಚಿ ಕೈತೊಳೆದುಕೊಂಡಿದ್ದರು. ಅದಕ್ಕೇ ಹೆಣ್ಣು ಕಲಾವಿದರಿಗೆಂದು ಹೊಸ ಕೋಣೆ ಮಾಡಿದೆವು. ಹೆಣ್ಣನ್ನೇ ಪ್ರೀತಿಸಿ ಹೆಣ್ಣಿನ ಜೊತೆಗೇ ಬಾಳಿದವರ ಹೆಸರೂ ಅಲ್ಲಿ ಮುಚ್ಚುಮರೆಯಿಲ್ಲದೆ ಇರಬೇಕೆಂದು ಹಟ ಹಿಡಿದವಳು ನಾನು. ಹಾಗೆ ನವಲಗುಂದದ ಮೆಹಬೂಬಿಯ ಮನೆಗೆ ಹೋದೆ.

ಮೆಹಬೂಬಿ ಮತ್ತು ಶಾಂತವ್ವ ಹರೆಯದಿಂದಲೂ ಒಂದೇ ಮನೆಯಲ್ಲಿದ್ದು, ಒಂದೇ ಮಗ್ಗದ ಮುಂದೆ ಕೂತು ಜಮಖಾನೆ ನೇಯ್ದವರು. ಎಡಭಾಗ ಮೆಹಬೂಬಿಯದು, ಬಲಭಾಗ ಶಾಂತವ್ವನದು. ಶಾಂತವ್ವ ತೀರಿಕೊಂಡು ಆರು ತಿಂಗಳಾಗಿತ್ತು.

ಈ ನೇಯ್ಗೆಯನ್ನು ಮನೆಯ ಸೊಸೆಯರಿಗಷ್ಟೇ ಕಲಿಸುವುದು ರೂಢಿ. ಮದುವೆಯಾಗಿ ಹೋಗುವ ಮಗಳಿಗೂ ಇಲ್ಲ. ಮೆಹಬೂಬಿ ಮದುವೆ ಒಲ್ಲೆ ಎಂದು ತವರಲ್ಲೇ ಉಳಿದದ್ದಕ್ಕೆ ಕಲಿತಳು. ಹೊರಗಿನ ಶಾಂತವ್ವನಿಗೆ ಕಲಿಸಿದ್ದು ಯಾರು?

“ನಮ್ಮ ಅಮ್ಮಾನೇ ಕಲಿಸ್ಯಾಳ ಬೇಟಾ,” ಎಂದಳು ಮೆಹಬೂಬಿ, ನೂಲು ಬಡಿಯುವ ಕಬ್ಬಿಣದ ಪಂಜಾ ಸವರುತ್ತ. “ಸೊಸಿಗಿ ಕೊಟ್ಟಂಗ ಆಕಿ ಕೈಯಾಗ ಪಂಜಾ ಕೊಟ್ಳು. ಬಾಯಿಲೆ ಏನೂ ಅನ್ಲಿಲ್ಲ... ಈ ಜಮಖಾನಿ ತಗೊಂಡು ಹೋಗು. ಆದ್ರ ಆಕಿ ಹೆಸರು ನನ್ನ ಹೆಸರಿನ ಬಾಜೂಕ ಬರೀಬೇಕು. ಮತ್ತೇನೂ ಬ್ಯಾಡ ನನಗ.”

ಅಂಗಳದಲ್ಲಿ ಆಕೆಯ ಅಣ್ಣನ ಮಗ ದಸ್ತಗೀರ ನನ್ನನ್ನು ತಡೆದ.

“ಮೇಡಂ, ನಮ್ಮ ಫೂಫು ಹೆಸರು ಅಷ್ಟ ಬರೀರಿ. ಮಗಳ ಲಗ್ನ ಗೊತ್ತು ಮಾಡೇವಿ. ಶಾಂತವ್ವ ಕೂಲಿಗೆ ಬರ್ತಿದ್ಳು ಅಂತ ಬೀಗರಿಗೆ ಹೇಳೇನಿ. ಇಲ್ಲಂದ್ರ ಜಮಖಾನಿ ಹೊಸ್ತಿಲಾ ದಾಟೂದಿಲ್ರಿ.”

ನಾನು ಮೊದಲೇ ಜಗಳಗಂಟಿ. ಅವತ್ತು ಮಾತ್ರ ಬಾಯಿ ಬಿಡಲಿಲ್ಲ. ಅಂಥ ಚೆಂದದ ಜಮಖಾನೆ ಎಲ್ಲಿ ಕೈತಪ್ಪುತ್ತದೋ ಎಂಬ ಅಳುಕು. ಕಾಗದದಲ್ಲಿ ಮೆಹಬೂಬಿಯ ಹೆಸರೊಂದನ್ನೇ ಬರೆದೆ. ಓದಲು ಬಾರದ ಮೆಹಬೂಬಿ ನನ್ನನ್ನು ನಂಬಿ ಹೆಬ್ಬೆಟ್ಟು ಒತ್ತಿದಳು, ನನ್ನ ತಲೆ ನೇವರಿಸಿ ಒಳಗೆ ಹೋಗಿ ಮಲಗಿದಳು. ಥೂ, ಎನಿಸಿತು ನನ್ನ ಮೇಲೆ ನನಗೇ.

ಸಂಗ್ರಹಾಲಯದ ಗಾಡಿ ಬರುವುದು ತಡವಾಯಿತು. ಕತ್ತಲಾಯಿತು. ಮಗ್ಗದ ಕೋಣೆಯಲ್ಲಿ, ಸುತ್ತಿ ಕಟ್ಟಿದ ಜಮಖಾನೆಯ ಮೇಲೆ ಕೈಯಿಟ್ಟು ಒಬ್ಬಳೇ ಕೂತಿದ್ದೆ. ಪಟ್ಟನೆ ಕರೆಂಟ್ ಹೋಯಿತು.

ಮೊದಲು ಬಂದದ್ದು ವಾಸನೆ... ವಿಭೂತಿಯದು. ಶಾಂತವ್ವ ಹೋದ ಮೇಲೆ ಆ ಮನೆಯಲ್ಲಿ ವಿಭೂತಿ ಹಚ್ಚುವವರೇ ಇರಲಿಲ್ಲ.

ಆಮೇಲೆ ಸದ್ದು. ಸರ್... ಸರ್... ಯಾರೋ ನೂಲು ಎಳೆದಂತೆ. ನನ್ನ ಅಂಗೈ ಕೆಳಗೆ ಸುರುಳಿ ಮೆಲ್ಲಗೆ ಸಡಿಲಾಗುತ್ತಿತ್ತು...

“ಹೆಸರು ಬರದಿ ಏನವಾ?” ಕಿವಿಯ ಹತ್ತಿರವೇ ಪಿಸುದನಿ.

ಮೆಹಬೂಬಿ ಎದ್ದು ಬಂದಳೆಂದುಕೊಂಡೆ. “ಬರದೇನ್ರೀ ಅಮ್ಮಾ.”

“ಇಬ್ಬರದೂ?”

“ಹೂಂ... ಇಬ್ಬರದೂ ರೀ.”

ಸದ್ದು ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು, ಈಗ ಬಿರುಸಾಗಿ. ಸರ್, ಸರ್, ಸರ್...

ಕರೆಂಟ್ ಬಂದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಜಮಖಾನೆಗೆ ಕಟ್ಟಿದ ಹಗ್ಗ ಬಿಚ್ಚಿರಲಿಲ್ಲ. ಒಳಗಿನಿಂದ ಮೆಹಬೂಬಿಯ ಗೊರಕೆ ಕೇಳುತ್ತಿತ್ತು. ಗಾಡಿ ಹೇಗೆ ಹತ್ತಿದೆನೋ, ದೇವರಿಗೇ ಗೊತ್ತು.

ಮರುದಿನ ಸಂಗ್ರಹಾಲಯದಲ್ಲಿ ಬಿಚ್ಚಿ ಹಾಸಿದೆವು. ಎಡಭಾಗದ ನವಿಲುಗಳು ಇದ್ದ ಹಾಗೇ ಇದ್ದವು. ಬಲಭಾಗದಲ್ಲಿ... ಬರೀ ಉದ್ದಕ್ಕೆ ಬಿಗಿದ ಹಾಸಿನ ಬಿಳಿ ಎಳೆಗಳು. ಬಣ್ಣದ ನೂಲು ಒಂದೂ ಇಲ್ಲ. ಕತ್ತರಿಸಿದ ಗುರುತೂ ಇಲ್ಲ.

ದಸ್ತಗೀರನ ಫೋನಿಗೆ ಕರೆ ಮಾಡಿ ಮೆಹಬೂಬಿಗೆ ಕೊಡಿಸಿದೆ. ಎಲ್ಲವನ್ನೂ ಹೇಳಿದೆ, ನನ್ನ ಸುಳ್ಳೊಂದನ್ನು ಬಿಟ್ಟು.

“ನಾ ಎದ್ದು ಬಂದೇ ಇಲ್ಲ ಬೇಟಾ. ಆಕೀನೇ ಕೇಳ್ಯಾಳ!” ಮುದುಕಿಯ ದನಿಯಲ್ಲಿ ಖುಷಿ ತಡೆಯಲಾರದಷ್ಟಿತ್ತು. “ನೀ ಏನಂದಿ?”

“ಇಬ್ಬರದೂ ಬರದೇನಿ ಅಂದೆ ರೀ.”

ಆಚೆ ಪಂಜಾ ಕೆಳಗಿಟ್ಟ ಸದ್ದು ಕೇಳಿಸಿತು.

“ಹಂಗಾದ್ರ... ಆಕಿ ತನ್ನ ನೂಲು ಯಾಕ ತಗೊಂಡು ಹೋದ್ಳು?”

ನಾನು ಫೋನ್ ಇಟ್ಟುಬಿಟ್ಟೆ.

ಅವತ್ತೇ ಶಾಂತವ್ವನ ಹೆಸರು ಬರೆದೆ. ಪುಸ್ತಕದಲ್ಲಿದೆ, ಗೋಡೆಯ ಫಲಕದಲ್ಲೂ ಇದೆ. ದಸ್ತಗೀರ ಬಂದು ಕೂಗಾಡಿ ಹೋದ, ಕೂಗಾಡಲಿ. ಬಲಭಾಗ ಮಾತ್ರ ಇನ್ನೂ ಖಾಲಿಯೇ ಇದೆ. ಮೆಹಬೂಬಿ ಬದುಕಿದ್ದಾಳೆ. ನವಲಗುಂದದ ಮೇಲೆ ಎಷ್ಟೋ ಸಲ ಹಾದುಹೋಗಿದ್ದೇನೆ... ಆ ಮನೆಯ ಮುಂದೆ ಇಳಿದು ಆಕೆಗೆ ಉತ್ತರ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.