ಮಾಲಾಳಿಗೆ ತಂದ ಸ್ಪ್ರಿಂಗ್ ಸೀಟು

ಉಗರಗೋಳದ ಲಗಮಪ್ಪ ತನಗೆ ಅಂಗಿ ಕೊಳ್ಳುವಾಗ ಕೈಗೆ ಮೊದಲು ಸಿಕ್ಕಿದ್ದನ್ನೇ ಹಾಕಿಕೊಂಡು ಬರುವ ಮನುಷ್ಯ. ಅಂಥವನು ಮಗಳಿಗೊಂದು ಸೈಕಲ್ ಸೀಟು ಆರಿಸಲು ಸವದತ್ತಿಯ ಅಂಗಡಿಯವನ ತಲೆ ತಿಂದುಬಿಟ್ಟ. ಮಾಲಾಳಿಗೆ ಹುಟ್ಟಿನಿಂದಲೇ ಸೊಂಟದ ಎಲುಬಿನ ಬೇನೆ. ಬಸ್ಸು ಹತ್ತಲಾಗದು; ಹತ್ತಿಸಿದರೂ ಗುಡ್ಡದ ದೇವಿಯ ದರ್ಶನಕ್ಕೆ ಬರುವ ಮಂದಿಯ ನೂಕಾಟದಲ್ಲಿ ನಿಲ್ಲಲಾಗದು. ಹುಡುಗಿಗೋ ಶಾಲೆಯೆಂದರೆ ಪ್ರಾಣ. ಸೈಕಲ್ಲಿನ ಕ್ಯಾರಿಯರ್ ಮೇಲೆ ಅವಳಿಗೆಂದೇ ಸೀಟು ಕೂರಿಸಿ, ಬೆನ್ನಿಗೊಂದು ಕಂಬಿ ಕಟ್ಟಿ, ದಿನಾ ತಾನೇ ಸವದತ್ತಿಯ ಶಾಲೆಗೆ ಬಿಟ್ಟುಬರುವುದೆಂದು ನಿಶ್ಚಯಿಸಿದ.

ಚರ್ಮದ ಸೀಟು ಎರಡು ಥರ ಇದ್ದವು. ಒಂದರ ಕೆಳಗೆ ದಪ್ಪ ಸ್ಪ್ರಿಂಗು, ಇನ್ನೊಂದು ಬರೀ ಬಿಗಿದ ಚರ್ಮ. ಎರಡರ ಮೇಲೂ ತಾನೇ ಕೂತು ನೋಡಿದ. ಸ್ಪ್ರಿಂಗಿನದು ಮೆತ್ತಗೆ ಇಳಿಯಿತು. ಗೂಳಿಯಂಥ ಆಳು ಕೂತರೆ ಇಳಿಯದೆ ಇನ್ನೇನು! ಅದನ್ನೇ ತಂದ.

ಎರಡು ವರ್ಷ ಓಡಾಡಿಸಿದ. ಕೇಳಿದಾಗಲೆಲ್ಲ ಮಗಳು ಭಾರಿ ಆರಾಮ ಐತೆಂದೇ ಹೇಳುತ್ತಿದ್ದಳು. ಹೋದ ಮಳೆಗಾಲದಲ್ಲಿ ಜ್ವರ ಎದೆಗಿಳಿದು ಹೋಗಿಬಿಟ್ಟಳು. ಲಗಮಪ್ಪನಿಗೆ ಉಳಿದದ್ದು ಒಂದೇ ಸಮಾಧಾನ: ದಾರಿಯಲ್ಲಾದರೂ ಕೂಸಿಗೆ ನೋವಿರಲಿಲ್ಲ. ತನ್ನ ತೆಂಗಿನಕಾಯಿ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳುವನು, ಹೇಳಿ ಅಳುವನು.

ಮೊನ್ನೆ ಓಣಿಯ ಸುಭಾಸ, ಕಾಲಿನಲ್ಲಿ ಶಕ್ತಿಯಿಲ್ಲದ ಮಗನನ್ನು ಎತ್ತಿಕೊಂಡು ಬಂದು, ಅಂಥದೇ ಸೀಟು ಎಲ್ಲಿ ಸಿಗುತ್ತದೆಂದು ವಿಚಾರಿಸಿದ. ಹೊಸದೇಕೆ, ಮಾಲಾಳದ್ದನ್ನೇ ಒಯ್ಯಿ ಎಂದು ಲಗಮಪ್ಪ ಪಾನಾ ಹಿಡಿದು ಸೀಟಿನ ನಟ್ಟು ಬಿಚ್ಚಲು ಕೂತ. ಹೆಂಡತಿ ಬಾಯವ್ವ ಅವನನ್ನು ಒಳಗೆ ಕರೆದಳು.

"ಅದನ್ನ ಕೊಡಬ್ಯಾಡ್ರಿ," ಎಂದಳು. "ಹಗರ ಕೂಸು ಕುಂತ್ರ ಸ್ಪ್ರಿಂಗ್ ಇಳಿಯೂದಿಲ್ಲ. ತೆಗ್ಗು ಬಂದಲ್ಲೆಲ್ಲ ಎತ್ತಿ ಒಗೀತೈತಿ. ನೀವು ಅಂಗಡ್ಯಾಗ ಇದ್ದಾಗ ದಿನಾ ಆಕಿ ಸೊಂಟಕ್ಕ ಕಾವು ಕೊಡತಿದ್ದೆ. ಅಪ್ಪ ಭಾಳ ಹೌಸಿಲೆ ತಂದಾನ, ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ಲು."

ಲಗಮಪ್ಪನಿಗೆ, ಇವಳು ಬಾಯಿ ಮುಚ್ಚಿಕೊಂಡೇ ಇರಬಾರದಿತ್ತೇ ಎನಿಸಿತು. ಆಮೇಲೆ ಸುಭಾಸನ ಮಗನ ನೆನಪಾಯಿತು. ಹೊರಗೆ ಬಂದು, ಸ್ಪ್ರಿಂಗ್ ಇಲ್ಲದ್ದನ್ನೇ ಕೊಂಡುಕೋ ಎಂದ. ಸುಭಾಸ ನಂಬಲಿಲ್ಲ. ಮಗಳು ಆರಾಮಾಗಿ ಹೋಗುತ್ತಿದ್ದಳೆಂದು ಊರಿಗೆಲ್ಲ ಹೇಳಿದವನು ನೀನೇ ಅಲ್ಲವೇ ಎಂದು ಕೇಳಿದ.

"ಇಲ್ಲೋ ಸುಭಾಸ," ಎಂದ ಲಗಮಪ್ಪ. "ಆಕಿಗೆ ದಿನಾ ನೋಯತಿತ್ತು."